ಸುಕ್ರ ಭಾವ ತಂದ ಎಣ್ಣೆ ಪ್ಯಾಕೆಟ್ಟು

ಅರ್ಗಾ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ತಂಗಿ ಯಶೋದಾಳಿಗೆ ಅಣ್ಣ ಕುಮಾರನ ಆಶೀರ್ವಾದಗಳು.

ಈ ಮೂಲಕ ಶೆಟಗೇರಿಯ ಸಮಸ್ತ ನಾಗರಿಕರಿಗೆ, ವಿಶೇಷವಾಗಿ ನಿನಗೆ, ಅಧಿಕೃತವಾಗಿ ತಿಳಿಯಪಡಿಸುವುದೇನೆಂದರೆ: ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ವರ್ಷದಿಂದ ಅಜ್ಞಾತವಾಸದಲ್ಲಿದ್ದ ನಿನ್ನ ಕೊಬ್ಬರಿ ಎಣ್ಣೆಯ ಕ್ಯಾನು, ನಿನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಳಗಿಳಿದು, ಒಲೆಯ ಬಲಗಡೆಯ ತನ್ನ ಹಳೆಯ ಸ್ಥಾನದಲ್ಲಿ ವಿರಾಜಮಾನವಾಗಿದೆ. ಸಮಾರಂಭಕ್ಕೆ ಇಬ್ಬರು ಹಾಜರಿದ್ದರು. ಸ್ಟೂಲು ಹತ್ತಿ ನಾನು ನಾಲ್ಕು ಮಾತಾಡಿದೆ. ಸ್ಟೂಲು ಹಿಡಿದುಕೊಂಡಿದ್ದ ನಿನ್ನ ಅತ್ತಿಗೆ ಸುನೀತಾ, "ಭಾಷಣ ಸಾಕು, ಮೊದ್ಲು ಇಳೀರಿ. ಬಿದ್ದು ಕಾಲ್ ಮುರ್ಕಂಡ್ರೆ ಚಾಕರಿ ಮಾಡೂದು ನಾನೇಯ" ಎಂದು ವಂದನಾರ್ಪಣೆ ಮಾಡಿದಳು.

ಒಂದು ವರ್ಷ ಅಟ್ಟದ ಮೇಲಿತ್ತೇ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೌದು. ಫೋನ್ ಮಾಡಿದಾಗಲೆಲ್ಲ "ನಿನ್ನ ಎಣ್ಣೆಲೇ ಬಂಗಡೆ ಹುರ್ದದ್ದು, ಎಂತಾ ಪರಿಮಳ" ಎಂದು ನಾನು ಹೇಳುತ್ತಿದ್ದದ್ದೆಲ್ಲ ಸುಳ್ಳು. ಇದು ಈ ಪತ್ರದಲ್ಲಿ ನಾನು ಒಪ್ಪಿಕೊಳ್ಳುತ್ತಿರುವ ಅತಿ ಚಿಕ್ಕ ತಪ್ಪು, ಆದ್ದರಿಂದ ಮೊದಲು ಬರೆದಿದ್ದೇನೆ.

ಪತ್ರ ತಡವಾದದ್ದಕ್ಕೆ ಕ್ಷಮೆಯಿರಲಿ. ನಾಲ್ಕು ತಿಂಗಳ ಹಿಂದೆಯೇ ಬರೆಯಬೇಕಿತ್ತು. ಫೋನಿದೆಯಲ್ಲ ಎನ್ನಬೇಡ. ಮೂವತ್ತೊಂದು ವರ್ಷ ಕಾರವಾರ–ಅಂಕೋಲಾ ಬಸ್ಸಿನಲ್ಲಿ ಟಿಕೇಟು ಹರಿಯುತ್ತ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿದ ಬಾಯಿ ಇದು. ಒಳಗಿದ್ದದ್ದನ್ನು ಹೊರಗೆ ತರುವ ಅಭ್ಯಾಸ ಅದಕ್ಕಿಲ್ಲ. ಫೋನು ಹಿಡಿದರೆ ತಮಾಷೆಗೇ ಜಾರುತ್ತದೆ.

ಹೋದ ವಾರ ಕೊಯ್ಲಿಗೆ ನಿನ್ನಲ್ಲಿಗೆ ಬಂದಾಗಲೇ ಬಾಯಲ್ಲಿ ಹೇಳಿಬಿಡೋಣ ಎಂದುಕೊಂಡೇ ಬಂದಿದ್ದೆ. ಊಟಕ್ಕೆ ಕೂತೆವು. ನೀನು ಬಡಿಸಿದ ಬಂಗಡೆ ನೀರಲ್ಲಿ ಬೆಂದು, ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದ ಹಾಗಿತ್ತು. ಸಾರಿಗೆ ಒಗ್ಗರಣೆಯಿಲ್ಲ, ಪಲ್ಯಕ್ಕೆ ಒಗ್ಗರಣೆಯಿಲ್ಲ. ನಾನು ತಾಟಿನ ಗಂಜಿ ಕಲಸುತ್ತಿದ್ದೆ. ನಿನ್ನ ಮಗ ಹರೀಶನೇ ಬಾಯಿಬಿಟ್ಟ.

"ನೋಡು ಮಾವಾ, ಅಪ್ಪ ಹೋದಾಗಿಂದ ಅವ್ವಿ ಎಣ್ಣೆ ಮುಟ್ಟೂದಿಲ್ಲ. ನಾಲ್ಕ್ ತಿಂಗ್ಳಾಯ್ತು. ತಲೆಗೂ ಹಾಕ್ಕಣೂದಿಲ್ಲ."

"ಗಂಜಿಗೆ ಎಣ್ಣೆ ಎಂತಕ್ಕೆ? ಉಣ್ಣು ಸುಮ್ನೆ" ಎಂದು ನೀನು ಅವನ ತಾಟಿಗೆ ಇನ್ನೊಂದು ಸೌಟು ಹಾಕಿ ಒಳಗೆ ಹೋದೆ.

ಕಾರಣ ಹರೀಶನಿಗೆ ಗೊತ್ತಿಲ್ಲ. ನನಗೆ ಗೊತ್ತು. ಸುಕ್ರ ಭಾವನ ಸೂತಕ ಕಳೆದ ದಿನ, ಹಿತ್ತಲ ಬಾಗಿಲಲ್ಲಿ ನೀನು ನನ್ನ ತೋಳು ಹಿಡಿದುಕೊಂಡು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ.

"ಅಣ್ಣಾ, ಅವ್ರು ಅಂಕೋಲೆಯಿಂದ ಪ್ಯಾಕೆಟ್ ಎಣ್ಣೆ ತಂದಿದ್ರು. ಇನ್ಮೇಲೆ ಇದ್ರಲ್ಲೇ ಅಡ್ಗೆ ಮಾಡು ಅಂದ್ರು. ನಂಗೆ ಸಿಟ್ಟು ಬಂತು. ನಮ್ಮ ಮರದ ಕಾಯಿ, ನಾನೇ ಒಡ್ದು ಒಣಗ್ಸಿ ಗಾಣಕ್ಕೆ ಕೊಟ್ಟದ್ದು, ಅದ್ರಲ್ಲಿ ಎಂತಾ ಐಬು ಕಂಡ್ರು ಅಂತ. ಪ್ಯಾಕೆಟ್ಟು ಅಕ್ಕಿ ಡಬ್ಬಿ ಹಿಂದೆ ಇಟ್ಟೆ. ನಮ್ಮ ಎಣ್ಣೆಲೇ ಮಾಡಿ ಬಡ್ಸಿದೆ. ಬೀಡಿ ಸೇದಿ ಮೂಗು ಸತ್ತೋಗಿತ್ತಲ್ಲ, ಅವ್ರಿಗೆ ತಿಳೀಲೇ ಇಲ್ಲ. 'ಹೊಸಾ ಎಣ್ಣೆ ಹೊಟ್ಟೆಗೆ ಹಗುರ ಅದೆ' ಅಂತಿದ್ರು. ನಾನು ಒಳಗೊಳಗೇ ನಗ್ತಿದ್ದೆ. ಇಪ್ಪತ್ತೇ ದಿನ ಅಣ್ಣಾ. ಗದ್ದೆಲಿ ಎದೆ ಹಿಡ್ಕಂಡು ಬಿದ್ರು. ನಾನೇ ಕೊಂದೆ."

ಆಗ ನಾನು ಏನು ಮಾಡಿದೆ? "ಹುಚ್ಚಿ, ಹಾಗೆಲ್ಲ ಅನ್ಬೇಡ" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸು ತಪ್ಪುತ್ತದೆ ಎಂದು ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಆ ದಾರಿಯ ಬಸ್ಸಿನ ಹೊತ್ತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಿರಲಿ. ಕೊಯ್ಲಿನಿಂದ ಮರಳಿದವನೇ, ಎಣ್ಣೆಯ ಮೇಲಿನ ಕೊಲೆ ಆರೋಪದ ತನಿಖೆಗಾಗಿ ನಾನು ಏಕಸದಸ್ಯ ಆಯೋಗವೊಂದನ್ನು ರಚಿಸಿ, ಅದರ ಅಧ್ಯಕ್ಷನಾಗಿ ನನ್ನನ್ನೇ ನೇಮಿಸಿಕೊಂಡೆ.

ಮೊದಲ ಸಾಕ್ಷಿ, ನೆರೆಮನೆಯ ಭರತ. ನೌಕಾನೆಲೆಯಲ್ಲಿ ಗುಮಾಸ್ತ. ದೇಶದ ರಕ್ಷಣೆ ಮುಗಿಸಿ ಉಳಿದ ಹೊತ್ತಿನಲ್ಲಿ ವಾಟ್ಸಾಪಿನಲ್ಲಿ ನಮ್ಮ ಹೊಟ್ಟೆಯ ರಕ್ಷಣೆಗೆ ನಿಂತಿದ್ದಾನೆ. ಬೆಳಿಗ್ಗೆ ಮೊದಲು ಒಂದು ಗುಲಾಬಿ ಹೂ ಕಳಿಸುತ್ತಾನೆ, ಬೆನ್ನಿಗೇ ಒಂದು ವಿಷ. ಹೋದ ವರ್ಷ "ಕೊಬ್ಬರಿ ಎಣ್ಣೆ ವಿಷ" ಎಂದು ಬಂದ ದಿನವೇ ನಿನ್ನ ಕ್ಯಾನು ಅಟ್ಟ ಹತ್ತಿದ್ದು. ಸೂರ್ಯಕಾಂತಿ ಬಂತು. ತಿಂಗಳೊಳಗೆ "ರಿಫೈಂಡ್ ಎಣ್ಣೆ ವಿಷ" ಎಂದು ಬಂತು. ಶೇಂಗಾ ಎಣ್ಣೆ ತಂದೆವು. ಶೇಂಗಾದ ಮೇಲೂ ಏನೋ ಬಂತು. ಅಕ್ಕಿ ತವಡಿನ ಎಣ್ಣೆ ತಂದೆವು. ಕೊನೆಗೆ ಒಂದು ವಾರ ನಾವಿಬ್ಬರೂ ಬರೀ ಇಡ್ಲಿ ತಿಂದು, ಪರಸ್ಪರರ ಮುಖ ನೋಡಿಕೊಂಡು ಬದುಕಿದ್ದೇವೆ. "ಇಷ್ಟೆಲ್ಲ ಬರೆದವರು ಯಾರೋ?" ಎಂದು ಕೇಳಿದರೆ ಭರತ ಗಂಭೀರವಾಗಿ, "ಅದು ನಂಗೂ ಫಾರ್ವರ್ಡ್ ಆಗೇ ಬಂದದ್ದು ಕುಮಾರಣ್ಣಾ" ಎಂದ. ಸಾಕ್ಷಿಯನ್ನು ವಜಾ ಮಾಡಲಾಯಿತು.

ಎರಡನೇ ಸಾಕ್ಷಿ, ಅಂಕೋಲೆಯಲ್ಲಿ ನಿನ್ನ ಕೊಬ್ಬರಿ ಹಿಂಡಿಕೊಡುವ ಗಾಣದ ಮಧುಕರ. ಎಣ್ಣೆಯ ಮೇಲೆ ಆರೋಪ ಎಂದ ಕೂಡಲೇ ಅವನಿಗೆ ಕೋಪ ನೆತ್ತಿಗೇರಿತು.

"ಅರೇ, ಎಂತಾ ಹೇಳ್ತೆ ನೀನು! ನನ್ನ ಅಜ್ಜ ಇದೇ ಎಣ್ಣೆ ತಿಂದು ಎಂಬತ್ತೆಂಟು ವರ್ಷ ಬದ್ಕಿದ್ದ ರೇ!"

"ಅಪ್ಪ?"

"ಅಪ್ಪ..." ಮಧುಕರ ಕೈ ಒರೆಸಿಕೊಂಡ. "ಅಪ್ಪ ಐವತ್ತೆರಡಕ್ಕೆ ಹೋದ."

"ಅವರು ಯಾವ ಎಣ್ಣೆ ತಿಂತಿದ್ರು?"

"ಇದೇ."

ಆಯೋಗ ಅಲ್ಲಿಂದ ಏನೂ ಬರೆದುಕೊಳ್ಳದೆ ಎದ್ದಿತು.

ಮೂರನೇ ಸಾಕ್ಷಿ, ಮೊನ್ನೆ ಶನಿವಾರ, ಕಾರವಾರದ ಡಾಕ್ಟರಮ್ಮ ರಕ್ಷಿತಾ. ನನ್ನ ಹಳೆಯ ಕಂಡಕ್ಟರ್ ಚೀಲದಲ್ಲಿ, ಮಧುಕರನ ಗಾಣದ ಕೊಬ್ಬರಿ ಎಣ್ಣೆಯೂ ಸೇರಿ ನಾಲ್ಕು ಎಣ್ಣೆಗಳನ್ನು ನಾಲ್ಕು ಬಾಟಲಿಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಇದರಲ್ಲಿ ಕೊಲೆಗಾರ ಯಾರು ಹೇಳಿ ಎಂದೆ.

"ಇದನ್ನೆಲ್ಲ ಯಾಕೆ ತಂದ್ರಿ? ನಿಮ್ಮ ರಕ್ತ ಕೊಟ್ಟಿದ್ರೆ ಏನಾದ್ರೂ ಹೇಳ್ಬಹುದಿತ್ತು" ಎಂದು ನಕ್ಕಳು. ಆಮೇಲೆ ಸಮಾಧಾನದಿಂದ ಹೇಳಿದಳು, ಅದನ್ನು ನಿನಗಾಗಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಎಣ್ಣೆ ಯಾವುದೂ ವಿಷವಲ್ಲ, ಯಾವುದೂ ಅಮೃತವೂ ಅಲ್ಲ. ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಜಾಸ್ತಿ, ಆದ್ದರಿಂದ ಕೈ ಬಿಗಿ ಹಿಡಿದು ಬಳಸಬೇಕು. ಆಗಾಗ ಬೇರೆ ಎಣ್ಣೆಯನ್ನೂ ಬಳಸಿದರೆ ಒಳ್ಳೆಯದು. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಕ್ಯಾನು ಬಗ್ಗಿಸಿ ಸುರಿಯಬಾರದು, ಚಮಚದಲ್ಲಿ ಅಳೆದು ಹಾಕಬೇಕು.

ನಾನು ಭಾವನ ಕತೆ ಹೇಳಿ, ಆ ಇಪ್ಪತ್ತು ದಿನ ಪ್ಯಾಕೆಟ್ ಎಣ್ಣೆಯನ್ನೇ ಹಾಕಿದ್ದರೆ ಬದುಕುತ್ತಿದ್ದನೇ ಎಂದು ಕೇಳಿದೆ.

"ಇಲ್ಲ" ಎಂದಳು. "ರಕ್ತನಾಳ ಕಟ್ಟೋದು ಇಪ್ಪತ್ತು ದಿನದ ಕೆಲಸ ಅಲ್ಲ ಅಜ್ಜಾ, ಇಪ್ಪತ್ತು ವರ್ಷದ್ದು. ಬೀಡಿ ಇತ್ತು ಅಂತೀರಿ. ಬಿಪಿ ನೋಡಿಸ್ಲೇ ಇಲ್ಲ ಅಂತೀರಿ. ಆ ಇಪ್ಪತ್ತು ದಿನ ಅವ್ರ ಹೆಂಡ್ತಿ ಯಾವ ಎಣ್ಣೆ ಹಾಕಿದ್ರೂ ಅಷ್ಟೇ ಆಗ್ತಿತ್ತು. ಅವ್ರಿಗೆ ಹೇಳಿ."

ಕೇಳಿದೆಯಾ ಯಶೋದಾ? ನೀನು ಕೊಲ್ಲಲಿಲ್ಲ. ನಿನ್ನ ಎಣ್ಣೆ ಕೊಲ್ಲಲಿಲ್ಲ. ಭಾವ ತನ್ನ ಕೊನೆಯ ಇಪ್ಪತ್ತು ದಿನ ತನ್ನ ಮರದ ಕಾಯಿಯ ಎಣ್ಣೆಯಲ್ಲೇ ಉಂಡ, ಹಗುರ ಇದೆ ಎಂದು ಹೊಗಳಿಯೇ ಉಂಡ. ನೀನು ಒಳಗೊಳಗೆ ನಕ್ಕದ್ದಕ್ಕೆ ಯಾವ ಪಾಪವೂ ಅಂಟುವುದಿಲ್ಲ. ಆಯೋಗದ ವರದಿ ಇಷ್ಟೇ.

ಡಾಕ್ಟರಮ್ಮ ಇನ್ನೂ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ.

ಉಳಿದಂತೆ ಇಲ್ಲಿ ಕ್ಷೇಮ. ಸುನೀತಾಳ ಮಂಡಿನೋವು ಹಾಗೇ ಇದೆ, ಬಾಯಿಗೇನೂ ತೊಂದರೆಯಿಲ್ಲ. ನೀನು ಕೊಟ್ಟು ಕಳಿಸಿದ ಬಸಳೆ ಬೇಲಿಗೆ ಹಬ್ಬಿದೆ. ಮೊದಲ ಕುಡಿ ಕೊಯ್ದು ನಿನ್ನೆ ಪಲ್ಯ ಮಾಡಿದಳು. ಎರಡು ಚಮಚ, ಅಳೆದು.

ನಿನ್ನ ಮನೆಯ ಒಲೆ ತಣ್ಣಗಾಗದಿರಲಿ, ನಿನ್ನ ಕೈಗೆ ಬಲವಿರಲಿ, ಹರೀಶನಿಗೆ ದೇವರು ನಿನ್ನ ಬುದ್ಧಿ ಕೊಟ್ಟು ನನ್ನ ಬಾಯಿ ಕೊಡದಿರಲಿ.

ನಿನ್ನ ಅಣ್ಣ,
ಕುಮಾರ

ತಾ.ಕ.: ಇಲ್ಲಿಗೆ ಮುಗಿಸಿ ಲಕೋಟೆಗೆ ಅಂಟು ಹಚ್ಚಿದ್ದೆ. ಬಿಚ್ಚಿ ಬರೆಯುತ್ತಿದ್ದೇನೆ.

"ಇದಕ್ಕೂ ಮೊದಲು ಅವ್ರಿಗೆ ಎದೆ ನೋವು, ಭುಜ ನೋವು ಏನಾದ್ರೂ ಬಂದಿತ್ತಾ? ಯಾರ ಹತ್ರಾದ್ರೂ ಹೇಳಿದ್ರಾ?" ಇದು ಡಾಕ್ಟರಮ್ಮನ ಪ್ರಶ್ನೆ. ಯಾರಿಗೂ ಹೇಳಲಿಲ್ಲ ಎಂದುಬಿಟ್ಟೆ.

ನನಗೆ ಹೇಳಿದ್ದ.

ಜೂನ್ ಕೊನೆಗೆ, ಅಂಕೋಲಾ ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ. ನಾನು ಹಳೆಯ ಡ್ರೈವರು ಕಂಡಕ್ಟರುಗಳ ನಡುವೆ ಕೂತು ಮಾತಿನ ಅಂಗಡಿ ಹಾಕಿದ್ದೆ. ಭಾವ ಬಂದು ಪಕ್ಕಕ್ಕೆ ಕರೆದು ಎದೆ ಮುಟ್ಟಿ ತೋರಿಸಿದ. "ಭಾವಾ, ಗೊಬ್ಬರದ ಚೀಲ ಹೊತ್ರೆ ಇಲ್ಲಿಂದ ಹಿಡ್ದು ದವಡೆ ತನ್ಕ ಹಿಡ್ಕಂತದೆ. ಮೂರ್ ಸಲ ಆಯ್ತು. ಯಶೋದಂಗೆ ಹೇಳ್ಬ್ಯಾಡ, ಹೆದರ್ತದೆ. ಒಂದಿನ ಕಾರವಾರಕ್ಕೆ ಕರ್ಕಂಡ್ ಹೋಗ್ತ್ಯಾ?"

ನಾನು ಎಲ್ಲರಿಗೂ ಕೇಳುವ ಹಾಗೆ, "ಅದ್ಕೆಲ್ಲ ದವಾಖಾನೆ ಎಂತಕ್ಕೆ ಭಾವಾ? ಗಾಡಿ ಏರು ಹತ್ತೂದಿಲ್ಲ ಅಂದ್ರೆ ಮೊದ್ಲು ಆಯಿಲ್ ಬದ್ಲು ಮಾಡೂದು! ನನ್ನ ತಂಗಿ ಕೈಯಿ ದೊಡ್ಡದು, ಕ್ಯಾನು ಬಗ್ಗಿಸ್ತದೆ. ಪ್ಯಾಕೆಟ್ ಎಣ್ಣೆ ತಕಂಡ್ ಹೋಗು" ಎಂದೆ. ಎಲ್ಲರೂ ನಕ್ಕರು. ಭಾವನೂ ನಕ್ಕ. ನಕ್ಕಾದ ಮೇಲೆ ಮೆಲ್ಲಗೆ, "ಹೌದಾ ಭಾವಾ? ಅಷ್ಟೇ ಸಾಕಾ?" ಎಂದು ಕೇಳಿದ. ಸಾಕು ಎಂದೆ. ಎದುರಿನ ಅಂಗಡಿಯಿಂದ ಆ ಪ್ಯಾಕೆಟ್ಟು ತೆಗೆಸಿ ಅವನ ಕೈಗಿತ್ತವನೂ ನಾನೇ.

ಹಿತ್ತಲ ಬಾಗಿಲಲ್ಲಿ ನೀನು "ನಾನೇ ಕೊಂದೆ" ಎಂದಾಗ ಇದನ್ನು ಹೇಳಬೇಕಿತ್ತು. ನಾಲ್ಕು ತಿಂಗಳು ನಿನ್ನ ಬೆನ್ನ ಹಿಂದೆ ಅಡಗಿ ಕೂತೆ. ನೀನು ಎಣ್ಣೆ ಬಿಟ್ಟು ಗಂಜಿ ಕುಡಿಯುತ್ತಿದ್ದೀ ಎಂದು ಕಂಡ ಮೇಲೂ, ಎಣ್ಣೆಯ ತನಿಖೆ ಮಾಡುತ್ತ ತಿರುಗಿದೆ. ಬೈದು ಬರೆ. ಇನ್ನು ಮನೆಗೆ ಬರಬೇಡ ಎಂದು ಬರೆದರೂ ತಪ್ಪಿಲ್ಲ.

ಆದರೆ ಸಿಟ್ಟು ಮಾಡಿಕೊಳ್ಳುವ ಮೊದಲು ಒಂದು ಕೆಲಸ ಮಾಡಿಕೊಡು. ಅಪ್ಪನಿಗೆ ಹೀಗಾದ ಮೇಲೆ ಮಗನ ಬಿಪಿ, ರಕ್ತ ಒಮ್ಮೆ ನೋಡಲೇಬೇಕು ಎಂದಿದ್ದಾಳೆ ಡಾಕ್ಟರಮ್ಮ. ಹರೀಶನಿಗೆ ಫೋನಿನಲ್ಲಿ ಹೇಳಿದೆ. "ನಂಗೆಂತಾ ಆಗ್ತದೆ ಮಾವಾ? ಗಾಡಿ ಹೊಸ್ತು!" ಎಂದು ನಕ್ಕ. ಆ ನಗು ಯಾರದ್ದೆಂದು ನನಗೆ ಗೊತ್ತು, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ. ಬರುವ ವಾರದ ಗುರುವಾರ, ಇಪ್ಪತ್ತೆಂಟನೇ ತಾರೀಕು, ಅವನನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸು. ನಾನು ಅಂಕೋಲಾ ಸ್ಟ್ಯಾಂಡಿನಲ್ಲೇ ನಿಂತಿದ್ದು ಕಾರವಾರಕ್ಕೆ ಕರೆದೊಯ್ಯುತ್ತೇನೆ. ನಾನು ದಾರಿಯ ಅರ್ಗಾದಲ್ಲಿ ಹತ್ತುತ್ತೇನೆಂದರೆ ಇವನು ನಡುವೆ ಇಳಿದುಹೋಗುವ ಗಿರಾಕಿ. ರಕ್ತ ಕೊಡಲು ಬರಿಹೊಟ್ಟೆಯಲ್ಲಿರಬೇಕಂತೆ. ನೀರು ಕುಡಿಯಬಹುದು. ಎಷ್ಟೇ ಗೋಗರೆದರೂ ಅವತ್ತೊಂದು ದಿನ ಅವನಿಗೆ ಚಾ ಮಾಡಿಕೊಡಬೇಡ.