ನೀಲಿ ದಾರದ ಸಸಿ

ಮಾರ್ಚ್ ೧೪, ಶುಕ್ರವಾರ

ಎಷ್ಟು ತೊಳೆದರೂ ಉಗುರಿನ ಸಂದಿಯ ಮಣ್ಣು ಹೋಗುತ್ತಿಲ್ಲ.

ತೋಟಗಾರಿಕೆ ತರಬೇತಿಯಂತೆ ತರಬೇತಿ! ನೆಟ್ಟ ಸಸಿಯ ಬೇರು ಅಲುಗಬಾರದು ಎಂದು ಬೆಳಿಗ್ಗೆ ನಾನೇ ಬಾಯಿ ನೋಯುವಷ್ಟು ಹೇಳಿದೆ. ಮಧ್ಯಾಹ್ನ ಕಲಿಯಲು ಬಂದ ತಂಡದವರೆಲ್ಲ ಸೇರಿ ಹಳೆಯ ಕಾರಂಜಿಯ ಪಕ್ಕ ಒಂದು ದಾಳಿಂಬೆ ಸಸಿ ನೆಟ್ಟರು, ಪ್ರಮಾಣಪತ್ರ ಹಿಡಿದು ಫೋಟೋಗೆ ನಿಂತರು, ಹೊರಟರು. ನಮ್ಮದು ಪಾರಂಪರಿಕ ತೋಟ; ಇನ್ನೂರು ವರ್ಷದ ಹಿಂದಿನ ನಕ್ಷೆಯಲ್ಲಿ ಇಲ್ಲದ ಗಿಡ ಇಲ್ಲಿ ಬೇರೂರುವಂತಿಲ್ಲ. ಹಾಗಾಗಿ ಪ್ರತಿ ತಂಡಕ್ಕೂ ಅದೇ ಗುಂಡಿ, ಅದೇ ಸಸಿ. ಅವರು ಗೇಟು ದಾಟಿದ ಮೇಲೆ ಅದನ್ನು ಕಿತ್ತು ಕುಂಡಕ್ಕೆ ಹಾಕುವುದು ನನ್ನ ಕೆಲಸ. ಇದು ಐದನೆಯ ಸಲ.

ಇವತ್ತಿನ ತಂಡದಲ್ಲಿ ವಯಸ್ಸಾದ ಟೈಲರಮ್ಮ ಒಬ್ಬರಿದ್ದರು. ಗುರುತಿಗಿರಲಿ ಎಂದು ಸಸಿಗೆ ನೀಲಿ ದಾರ ಕಟ್ಟಿದರು.

“ಮೇಷ್ಟ್ರೇ, ಭಾನುವಾರ ಮೊಮ್ಮಗಳನ್ನ ಕರ್ಕೊಂಡ್ ಬಂದು ನೀರು ಹಾಕ್ಲಾ?”

“ಧಾರಾಳವಾಗಿ ಬನ್ನಿ ಅಮ್ಮ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಸಂಜೆ ಕೀಳುವಾಗ ಎಳೆಬೇರುಗಳು ಕೈಯಲ್ಲೇ ಉದುರಿದವು. ಮ್ಯಾನೇಜರ್ ಮೂಗು ಮುರಿದ. “ಆ ದಾರ ಬಿಚ್ರೀ, ನಾಳೆ ಬರೋ ತಂಡದ ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತೆ.”

ದಾರ ಅಸಹ್ಯವಂತೆ! ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಈಗ ಅದು ಈ ಮೇಜಿನ ಮೇಲಿದೆ.

ಭಾನುವಾರ ಅವರು ಬಂದೇ ಬರುತ್ತಾರೆ. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಉದ್ದಕ್ಕೂ ಒಂದೇ ಯೋಚನೆ. ನಿಜ ಹೇಳುವುದು ಹೇಗೆ ಎಂದಲ್ಲ, ಈ ದಾರವನ್ನು ಬೇರೆ ಯಾವ ಗಿಡಕ್ಕೆ ಕಟ್ಟಿದರೆ ಅವರಿಗೆ ಗೊತ್ತಾಗುವುದಿಲ್ಲ ಎಂದು. ಇಳಿಯುವಷ್ಟರಲ್ಲಿ ಗಿಡವನ್ನೂ ಆರಿಸಿಬಿಟ್ಟಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು…