ಸೆಕೆಂಡಿಗೆ ಮೂವತ್ತೆಂಟು

ಅಣ್ಣಾ,

ಕುಶಲ ಕೇಳಲು ಬರೆಯುತ್ತಿಲ್ಲ. ನೀನು ಚೆನ್ನಾಗಿದ್ದೀ ಎಂದು ಗೊತ್ತು. ಈಗಷ್ಟೇ ಪಕ್ಕದ ಕೋಣೆಯಲ್ಲಿ ಮೂರು ಸಲ ಸೀನಿ, ನಾಲ್ಕನೆಯದು ಬರಲಿಲ್ಲವೆಂದು ಗೊಣಗಿದ್ದು ಗೋಡೆ ದಾಟಿ ಕೇಳಿಸಿತು. ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವ ಹುಚ್ಚು ಇವಳಿಗೇಕೆ ಹಿಡಿಯಿತು ಅನ್ನುತ್ತೀಯಾ? ಬಾಯಲ್ಲಿ ಹೇಳಹೊರಟರೆ ಮೊದಲ ಮಾತಿಗೇ "ಕೂತ್ಕೊಂಡು ಮಾತಾಡು ಮರಿ, ಬಿಪಿ ಏರುತ್ತೆ" ಅನ್ನುತ್ತೀ. ನಾನು ಕೂರುತ್ತೇನೆ. ನೀನು ನೀರು ತಂದುಕೊಡುತ್ತೀ. ನೀರು ಕುಡಿದು ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತದೆ, ಹೇಳಬೇಕಾದ್ದು ಗಂಟಲಲ್ಲೇ ಉಳಿದಿರುತ್ತದೆ. ಹತ್ತು ತಿಂಗಳಿಂದ ಹೀಗೇ ನಡೆದಿದೆ. ಕಾಗದಕ್ಕೆ ನೀರು ಕುಡಿಸಿ ಸುಮ್ಮನಾಗಿಸಲು ನಿನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ನಾನು ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಕ್ರೇನ್ ಹತ್ತುತ್ತೇನೆ. ಪರೀಕ್ಷೆ. ಸ್ಟೋರಿನ ಮೇಜಿನ ಕೆಲಸಕ್ಕೆ ಒಪ್ಪಿದ್ದೇನೆ ಎಂದು ರುಜು ಹಾಕಬೇಕಿದ್ದ ಆ ಕಾಗದಕ್ಕೆ ನಾನು ರುಜು ಹಾಕಿಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿದುಕೋ. ಎದ್ದು ಬರಬೇಡ, ಪೂರ್ತಿ ಓದು.

ನೀನು ಮಾಡಿದ್ದನ್ನು ಮರೆಯುವಷ್ಟು ಕೃತಘ್ನಳಲ್ಲ ನಾನು. ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಕುಸಿದುಬಿದ್ದಾಗ, ಲಕ್ವ ಹೊಡೆದು ಎಡಗೈ ಹಲಗೆಯ ಹಾಗೆ ಬಿದ್ದುಕೊಂಡಿದ್ದಾಗ, ಅಂಗಡಿಗೆ ಬೀಗ ಹಾಕಿ ಹದಿನೇಳು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ನೀನು. ನನ್ನ ಜಡೆ ಹಾಕಲು ಕಲಿತೆ. ಎಂಥ ಜಡೆ ಅದು, ದೇವರೇ! ನರ್ಸಮ್ಮ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಹೋಗಿದ್ದಳು. ಆಮೇಲೆ ನನ್ನನ್ನು ನಿಮ್ಮ ಮನೆಗೇ ಕರೆದುಕೊಂಡು ಬಂದೆ. ಅತ್ತಿಗೆ ತಮ್ಮ ಹೊಲಿಗೆ ಯಂತ್ರವನ್ನು ಅಡಿಗೆಮನೆಗೆ ಸರಿಸಿ ನನಗೊಂದು ಮೂಲೆ ಬಿಟ್ಟುಕೊಟ್ಟರು. ಇದೆಲ್ಲ ನೆನಪಿದೆ ಅಣ್ಣಾ, ಸಾಯುವವರೆಗೂ ಇರುತ್ತದೆ. ಆದರೆ ಋಣದ ಮಾತು ಬೇರೆ, ಇವತ್ತಿನ ಮಾತು ಬೇರೆ.

ಹತ್ತೊಂಬತ್ತು ವರ್ಷ ನಾನು ನೆಲದಿಂದ ಹದಿನೆಂಟು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣ ಎತ್ತಿದವಳು. ಶೆಡ್ಡಿನಲ್ಲಿ ನನ್ನ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಎಲ್ಲರಿಗೂ ನಾನು ಕ್ರೇನಕ್ಕ. ಕೆಲಸದ ಗುಟ್ಟೆಲ್ಲ ಎಡಗೈಯಲ್ಲಿದೆ. ಹೊರೆ ಎತ್ತಿ ಹೊರಟಾಗ ಕೊಕ್ಕೆಯ ಕೆಳಗೆ ಅದು ತೂಗಲು ಶುರುಮಾಡುತ್ತದೆ. ಅದು ಯಾವ ಕಡೆಗೆ ಹೋಗುತ್ತದೋ ಆ ಕಡೆಗೇ ಕ್ರೇನನ್ನೂ ಒಂದು ಚೂರು ಓಡಿಸಬೇಕು. ಸರಿಯಾದ ಕ್ಷಣಕ್ಕೆ ಓಡಿಸಿದರೆ ತೂಗಾಟ ನಿಲ್ಲುತ್ತದೆ. ಅರೆಕ್ಷಣ ತಡವಾದರೆ ಇನ್ನೂ ಜೋರಾಗುತ್ತದೆ. ಕಲಿಸುವಾಗ ನಮ್ಮ ತರಬೇತಿ ಮೇಷ್ಟ್ರು ಹೇಳುತ್ತಿದ್ದದ್ದು ಇದೊಂದನ್ನೇ.

ವ್ಯಾಯಾಮ ಮಾಡಿ ಮಾಡಿ ಕೈ ಮತ್ತೆ ಆಡತೊಡಗಿದ ಮೇಲೆ, ಕಂಪ್ಯೂಟರಿನಲ್ಲಿ ಕ್ರೇನ್ ಓಡಿಸುವ ಆಟದ ವಿಷಯ ಹೇಳಿದ್ದು ಆ ಮೇಷ್ಟ್ರೇ ತಾನೆ. "ಆಟ ಅಂತಾನೇ ಮಾರ್ತಾರೆ ಕ್ರೇನಕ್ಕ, ಆದ್ರೆ ನಾವು ಹೊಸಬರಿಗೆ ಕಲಿಸೋದೂ ಅದರಲ್ಲೇ. ಎರಡು ಕೈಗೆ ಎರಡು ಹಿಡಿಕೆ. ಮನೇಲಿ ಆಡ್ತಾ ಇರಿ, ಕೈ ಬರುತ್ತೆ. ಎಪ್ಪತ್ತೈದು ಅಂಕ ದಾಟಿದ ದಿನ ಹೇಳಿ, ಪರೀಕ್ಷೆಗೆ ಕರೆಸ್ತೀನಿ." ಆ ಆಟಕ್ಕೆ ಬಲವಾದ ಕಂಪ್ಯೂಟರ್ ಬೇಕಿತ್ತು. ನೀನು ಮೇಷ್ಟ್ರ ಹತ್ತಿರ ಅವರ ಯಂತ್ರದ ಭಾಗಗಳ ಪಟ್ಟಿ ತರಿಸಿ, ಅದೇ ಗ್ರಾಫಿಕ್ಸ್ ಕಾರ್ಡು, ಅದೇ ಪ್ರೊಸೆಸರು ಹುಡುಕಿ, ನಾಲ್ಕು ಸಂಜೆ ಕೂತು ನೀನೇ ಜೋಡಿಸಿದೆ. ಇಪ್ಪತ್ತಾರು ವರ್ಷದಿಂದ ಆಫೀಸು ಶಾಲೆಗಳಿಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಕೈ ನಿನ್ನದು. ಆಟದ ಕಂಪ್ಯೂಟರ್ ಜೋಡಿಸಿದ್ದು ಇದೇ ಮೊದಲು. ನಾನು ಸ್ಟೂಲಿನ ಮೇಲೆ ಕೂತು ಸ್ಕ್ರೂ ಎಣಿಸಿಕೊಟ್ಟೆ, ಒಂದು ಸ್ಕ್ರೂ ನನ್ನ ಎಡಗೈಯಿಂದ ಜಾರಿ ಒಳಗೆ ಬಿದ್ದಾಗ ನೀನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲ ದಿನ ನಲವತ್ತೊಂದು ಅಂಕ. ಒಂದು ವಾರ ಕಳೆದರೂ ನಲವತ್ತೊಂದು, ನಲವತ್ತಮೂರು, ಮತ್ತೆ ಮೂವತ್ತೊಂಬತ್ತು. ಹೊರೆ ಎತ್ತಿದ ಕೂಡಲೇ ಪರದೆ ಎಡವುತ್ತಿತ್ತು. ಪೆಟ್ಟಿಗೆ ಬಲಕ್ಕೆ ಹೋಯಿತು ಎಂದು ನಾನು ಕೈ ಆಡಿಸುವಷ್ಟರಲ್ಲಿ ಅದು ಎಡಕ್ಕೆ ಬಂದಿರುತ್ತಿತ್ತು. "ಅಣ್ಣಾ, ಚಿತ್ರ ತಡವಾಗಿ ಬರ್ತಾ ಇದೆ ಕಣೋ" ಎಂದೆ. ನೀನು ಬಂದು ಬೆನ್ನ ಹಿಂದೆ ನಿಂತು ನೋಡಿದೆ. ತಲೆ ಸವರಿದೆ. "ಯಂತ್ರ ನಾನೇ ಕಟ್ಟಿದ್ದು ಮರಿ, ಅದರಲ್ಲಿ ಏನೂ ತಪ್ಪಿಲ್ಲ. ಕೈ ಇನ್ನೂ ಬಂದಿಲ್ಲ ಅಷ್ಟೇ. ಬರದೇ ಇದ್ರೂ ಏನಂತೆ, ನಾವಿಲ್ವಾ?"

ನಾನು ನಂಬಿದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಹದಿನೆಂಟು ಮೀಟರ್ ಮೇಲಿಂದ ಬೆಂಕಿಪೊಟ್ಟಣದಷ್ಟು ಕಾಣುವ ಲಾರಿಗೆ ಎಂಟು ಟನ್ ಇಳಿಸುತ್ತಿದ್ದ ನಾನು, ನನ್ನ ಕಣ್ಣನ್ನು ನಂಬದೆ ನಿನ್ನ ಮಾತು ನಂಬಿದೆ. ಐದು ವಾರ ಕಣೋ! ಆ ಐದು ವಾರ ಲೋಟ ಎತ್ತುವಾಗಲೂ ಎಡಗೈಯನ್ನು ಕಳ್ಳನನ್ನು ನೋಡುವ ಹಾಗೆ ನೋಡಿದೆ. ನಿಮಗೆ ಕೇಳಿಸಬಾರದೆಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಅಷ್ಟರಲ್ಲಿ ನೀನು ನನಗೆ ಹೇಳದೆ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯನ್ನು ಕಂಡುಬಂದೆ. ನನ್ನ ಅಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟು, ನನ್ನ ತಂಗಿಗೆ ಕುರ್ಚಿ ಮೇಜಿನ ಕೆಲಸ ಏನಾದರೂ ಕೊಡಿ ಎಂದು ಕೈಮುಗಿದೆ. ಅವರು ಒಳ್ಳೆಯ ಮನುಷ್ಯ, ಸ್ಟೋರಿನಲ್ಲಿ ಜಾಗ ಮಾಡಿ ಒಪ್ಪಿಗೆಯ ಕಾಗದ ಕಳಿಸಿಕೊಟ್ಟರು. ಈ ಶುಕ್ರವಾರದೊಳಗೆ ರುಜು ಹಾಕಬೇಕು, ಹಾಕಿದರೆ ಮತ್ತೆ ಕ್ರೇನಿನ ಕಡೆ ತಲೆ ಹಾಕುವಂತಿಲ್ಲ. ಆ ಕಾಗದ ಬಂದ ದಿನ ನೀನು ಸಿಹಿ ತಂದೆ. ನಾನು ತಿಂದೆ ಕೂಡ, ಅದು ಹೇಗೆ ಒಳಗಿಳಿಯಿತೋ ಗೊತ್ತಿಲ್ಲ.

ಮಾರನೆಯ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ, ಆಗಲಿಲ್ಲ ಎಂದು ಹೇಳಿಬಿಡೋಣವೆಂದು. ಅವರು ಸಮಾಧಾನ ಹೇಳಲಿಲ್ಲ, ಪುಣ್ಯಾತ್ಮ. "ಪರದೆ ಮೂಲೇಲಿ ಒಂದು ಸಂಖ್ಯೆ ತೋರಿಸೋ ಹಾಗೆ ಮಾಡಿ ನೋಡಿ. ಸೆಕೆಂಡಿಗೆ ಎಷ್ಟು ಚಿತ್ರ ಬೀಳ್ತಿದೆ ಅಂತ ಹೇಳುತ್ತೆ. ನಮ್ಮಲ್ಲಿ ನೂರ ಹತ್ತು ಇರುತ್ತೆ. ನಿಮ್ಮಲ್ಲಿ?" ಸೆಟ್ಟಿಂಗಿನಲ್ಲಿ ಹುಡುಕಿ ಫ್ರೇಮ್ ರೇಟ್ ಎಂಬುದನ್ನು ಆನ್ ಮಾಡಿದೆ. ಮೂವತ್ತೆಂಟು. ಹೊರೆ ಎತ್ತಿ ತೂಗಾಟ ಶುರುವಾದಾಗ ಹತ್ತೊಂಬತ್ತು. "ಅದೇ ಭಾಗಗಳು, ಅದೇ ಆಟ, ಹಾಗಿದ್ರೆ ಇದು ಕೈ ಅಲ್ಲ ಕ್ರೇನಕ್ಕ" ಎಂದರು ಮೇಷ್ಟ್ರು. ಎಡಗೈ ಎತ್ತಿ ಮಡಿಲಲ್ಲಿಟ್ಟುಕೊಂಡು ಸವರಿದೆ. ಅದರ ಕ್ಷಮೆ ಕೇಳಿದೆ. ನಗಬೇಡ.

ಆಮೇಲೆ ಕೈತೊಳೆದುಕೊಂಡು ಅದರ ಬೆನ್ನು ಹತ್ತಿದೆ. ಮೂರು ಮಧ್ಯಾಹ್ನ, ನೀನು ಅಂಗಡಿಯಲ್ಲಿದ್ದಾಗ. ಪರದೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ ಎಂದು ಟಾರ್ಚ್ ಹಿಡಿದು ಬಗ್ಗಿ ನೋಡಿದೆ, ಸರಿಯಾಗಿತ್ತು. ಕಾರ್ಡಿನ ಸಾಫ್ಟ್‌ವೇರನ್ನು ಹೊಸದು ಮಾಡಿದೆ. ಮೂವತ್ತೆಂಟು. ಮೆಮೊರಿ ಕಡ್ಡಿಗಳನ್ನು ತೆಗೆದು ಹಾಕಿದೆ, ಎಡಗೈಯಿಂದಲೇ, ಅರ್ಧ ಗಂಟೆ ಹಿಡಿಯಿತು. ಮೂವತ್ತೆಂಟು! ತಲೆ ಕೆಟ್ಟು ಚಿತ್ರದ ಗುಣಮಟ್ಟವನ್ನು ಪಾತಾಳಕ್ಕೆ ಇಳಿಸಿದೆ. ಪೆಟ್ಟಿಗೆಗಳೆಲ್ಲ ಸಾಬೂನಿನ ತುಂಡಿನ ಹಾಗೆ ಕಂಡವು, ಆದರೂ ಮೂವತ್ತೊಂಬತ್ತು. ಅಲ್ಲಿ ನಾನು ನಿಂತೆ. ಹೊರೆ ಇಳಿಸಿದರೂ ವೇಗ ಏರದಿದ್ದರೆ ತೊಂದರೆ ಹೊರೆಯಲ್ಲಿಲ್ಲ. ಅಂದರೆ ಚಿತ್ರ ಬಿಡಿಸುವ ಕಾರ್ಡು ಕೆಲಸವಿಲ್ಲದೆ ಕಾಯುತ್ತಿದೆ, ಅದಕ್ಕೆ ಕೆಲಸ ಹಚ್ಚುವ ಪ್ರೊಸೆಸರೇ ಎಲ್ಲೋ ತೂಕಡಿಸುತ್ತಿದೆ.

ಗುಟ್ಟು ಬಿಟ್ಟುಕೊಟ್ಟದ್ದು ಶಾಖ. ಒಂದು ಗಂಟೆ ಆಡಿದ ಮೇಲೂ ಪ್ರೊಸೆಸರು ನಲವತ್ತೊಂದು ಡಿಗ್ರಿಯಲ್ಲೇ ತಣ್ಣಗಿತ್ತು. ಯಾರಾದರೂ ನೋಡಿದರೆ ಎಷ್ಟು ಒಳ್ಳೆಯ ಯಂತ್ರ ಎನ್ನುತ್ತಿದ್ದರು. ನಾನು ಮೋಟಾರಿನ ಜೊತೆ ಬಾಳಿದವಳು ಅಣ್ಣಾ. ಎತ್ತುತ್ತಿದ್ದೇನೆ ಎಂದು ಹೇಳಿಕೊಂಡು ಬಿಸಿಯಾಗದ ಮೋಟಾರು ನಿಜವಾಗಿ ಎತ್ತುತ್ತಿಲ್ಲ. ಅದರ ವೇಗ ತೆಗೆದು ನೋಡಿದೆ, ಇರಬೇಕಾದ್ದರ ಅರ್ಧದಷ್ಟೇ ಇತ್ತು, ಎಷ್ಟು ಕೆಲಸ ಕೊಟ್ಟರೂ ಒಂದು ಕೂದಲೂ ಮೇಲೇರುತ್ತಿರಲಿಲ್ಲ. ಪವರ್ ಸೆಟ್ಟಿಂಗಿನ ಒಳಗೆ, ಅದರೊಳಗೆ, ಇನ್ನೂ ಒಳಗೆ ಹೋದೆ. ಪ್ರೊಸೆಸರು ಹೆಚ್ಚೆಂದರೆ ಎಷ್ಟು ದುಡಿಯಬಹುದು ಎಂಬ ಕಡೆ ಯಾರೋ ಐವತ್ತು ಎಂದು ಬರೆದಿಟ್ಟಿದ್ದರು. ನೂರಕ್ಕೆ ಐವತ್ತು.

ಅದನ್ನು ನೂರು ಮಾಡಿದೆ. ಆಟ ಶುರುಮಾಡಿದ ಕೂಡಲೇ ಫ್ಯಾನುಗಳು ಗುಯ್ಯೆಂದು ಎದ್ದವು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಏನಮ್ಮಾ ಅದು ಸದ್ದು?" ನಾನು ತೋರಿಸಿದೆ. ಅವರು ಆ ಐವತ್ತರ ಕಥೆ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅದು ನಿಮ್ಮಣ್ಣನ ಅಭ್ಯಾಸ. ಅಂಗಡೀಲಿ ಪ್ರತಿಯೊಂದಕ್ಕೂ ಹಾಗೇ ಮಾಡೋದು. ಸದ್ದು ಬಂದ್ರೆ ಗಿರಾಕಿಗಳು ಕೆಟ್ಟಿದೆ ಅಂತ ವಾಪಸ್ ತರ್ತಾರಂತೆ. ನಿಂದಕ್ಕಂತೂ, ಪಾಪ ಲಕ್ವ ಹೊಡೆದು ಎದ್ದವಳು, ತಲೆಗೆ ಸದ್ದು ಆಗಬಾರದು ಅಂತ ಮೊದಲ ದಿನವೇ ಮಾಡಿದ್ರು. ಮರೆತೇ ಹೋಗಿರಬೇಕು."

ಮರೆತಿದ್ದೀಯೆಂದು ನನಗೂ ಗೊತ್ತು. ಬೇಕೆಂದು ಮಾಡಿದವನಲ್ಲ ನೀನು. ಅದಕ್ಕೇ ಪಿತ್ತ ನೆತ್ತಿಗೇರಿದರೂ ಯಾರ ಮೇಲೆ ಕೂಗಬೇಕೋ ತಿಳಿಯಲಿಲ್ಲ. ಲೆಕ್ಕಪತ್ರದ ಆಫೀಸಿನಲ್ಲಿ ಐವತ್ತೇ ಸಾಕು, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಕೊಕ್ಕೆಯಡಿ ತೂಗುವ ಪೆಟ್ಟಿಗೆಗೆ ಅರೆಕ್ಷಣವೆಂದರೆ ಎಲ್ಲವೂ. ಒಂದು ಮಾತು ಕೇಳುತ್ತೇನೆ, ಉತ್ತರ ನನಗೆ ಬೇಡ, ನಿನಗೇ ಹೇಳಿಕೋ: ಚಿತ್ರ ತಡ ಎಂದು ನಾನು ಬಾಯಿಬಿಟ್ಟು ಹೇಳಿದ್ದನ್ನೇ ಗಿರಾಕಿಯೊಬ್ಬ ಹೇಳಿದ್ದರೆ ನೀನು ಯಂತ್ರ ಬಿಚ್ಚಿ ನೋಡುತ್ತಿರಲಿಲ್ಲವೇ? ನಾನು ಹೇಳಿದ್ದಕ್ಕೆ ತಲೆ ಸವರಿದೆ. ಅಷ್ಟು ಬೇಗ ನನ್ನ ಕೈ ಹೋಯಿತೆಂದು ನಿರ್ಧಾರ ಮಾಡಿಬಿಟ್ಟೆಯಾ?

ಆ ದಿನ ನೂರ ಎಂಟು ಬಂತು, ಚಿತ್ರಗಳ ಸಂಖ್ಯೆ. ಅಂಕ ಅರವತ್ತಮೂರೇ. ಸುಳ್ಳು ಹೇಳುವುದಿಲ್ಲ, ಐದು ವಾರ ತಡವಾದ ಚಿತ್ರಕ್ಕೆ ಹೊಂದಿಕೊಂಡ ಕೈ ಈಗ ಅವಸರ ಮಾಡುತ್ತಿತ್ತು. ಬೆರಳು ಇನ್ನೂ ನಡುಗುತ್ತದೆ, ಸಂಜೆಯಾದರೆ ಹೆಚ್ಚು. ಮೂರನೆಯ ದಿನ ಎಪ್ಪತ್ತೊಂಬತ್ತು, ನಿನ್ನೆ ಎಂಬತ್ತೆರಡು. ನೀನು ಕೊಟ್ಟ ಹಾಳೆಯ ಹಾಗೆಯೇ ನಾನೂ ಒಂದು ಹಾಳೆ ಬರೆದೆ: ಹಳೆಯ ಅಂಕ, ಹೊಸ ಅಂಕ, ಪಕ್ಕದಲ್ಲಿ ಮೂವತ್ತೆಂಟು ಮತ್ತು ನೂರ ಎಂಟು. ಮೇಷ್ಟ್ರ ಜೊತೆ ಹೋಗಿ ಸುರಕ್ಷತಾ ಅಧಿಕಾರಿಯ ಮುಂದೆ ಇಟ್ಟೆ. ನಿನ್ನ ಹೆಸರು ಎತ್ತಲಿಲ್ಲ, ಯಂತ್ರದಲ್ಲಿ ದೋಷವಿತ್ತು ಎಂದಷ್ಟೇ ಹೇಳಿದೆ. ಅವರು ಎರಡೂ ಹಾಳೆ ಬಹಳ ಹೊತ್ತು ನೋಡಿ, "ನಿಮ್ಮಣ್ಣನ್ನ ಒಂದು ಮಾತು ಕೇಳ್ಬೇಕಲ್ಲಮ್ಮ" ಎಂದರು. "ಸಾರ್, ಕ್ರೇನ್ ಓಡಿಸೋದು ನಾನು" ಎಂದೆ. ಮೇಷ್ಟ್ರು ಕೆಮ್ಮಿದರು. ಅಧಿಕಾರಿ ದಿನಾಂಕ ಬರೆದುಕೊಟ್ಟರು.

ನಾಡಿದ್ದು ಶೆಡ್ಡು ಖಾಲಿ ಮಾಡಿಸುತ್ತಾರೆ. ಮರಳು ತುಂಬಿದ ಎರಡು ಟನ್ನಿನ ಡ್ರಮ್ಮನ್ನು ಈ ತುದಿಯಿಂದ ಆ ತುದಿಗೆ ಒಯ್ದು, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ಮೇಷ್ಟ್ರು ನನ್ನ ಪಕ್ಕದಲ್ಲೇ, ನಿಲ್ಲಿಸುವ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಾರೆ, ಕೆಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಹಾಗಾಗಿ ಯಾರ ಪ್ರಾಣಕ್ಕೂ ಹೆದರಬೇಡ. ನನಗೆ ಭಯವಿಲ್ಲವೇ ಎಂದರೆ ಇದೆ. ಇದ್ದರೆ ಇರಲಿ, ನನ್ನ ಭಯವನ್ನು ನಾನೇ ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತೇನೆ.

ನೀನು ಬಾ. ಬರಲೇಬೇಕು. ಆದರೆ ಕ್ರೇನ್ ಓಡಾಡುವ ಜಾಗದ ಅಂಚಿಗೆ ಬಳಿದಿರುವ ಹಳದಿ ಗೆರೆಯ ಆಚೆ ನಿಲ್ಲು. "ನಿಧಾನ ಮರಿ" ಎಂದು ಕೂಗಬೇಡ, ಮೇಷ್ಟ್ರಿಗೆ ಕೈಮುಗಿಯಬೇಡ, ಇಳಿದು ಬಂದ ಮೇಲೆ ನೀರು ಕೊಡಬೇಡ. ಡ್ರಮ್ಮು ತೂಗಿದರೆ ನಾನು ನಿಲ್ಲಿಸುತ್ತೇನೆ. ನನ್ನಿಂದ ನಿಲ್ಲಿಸಲು ಆಗದಿದ್ದರೆ, ವೃತ್ತದ ಹೊರಗೆ ಇಳಿದರೆ, ಸ್ಟೋರಿನ ಕಾಗದಕ್ಕೆ ಅಲ್ಲೇ ನಿಂತು ರುಜು ಹಾಕುತ್ತೇನೆ, ತಲೆ ತಗ್ಗಿಸುವುದಿಲ್ಲ. ಸೋತರೆ ಆ ಸೋಲು ನನ್ನ ಕೈಯದಾಗಿರಲಿ. ಕಾಪಾಡುವುದಕ್ಕೆಂದು ನನ್ನನ್ನು ಮೊದಲೇ ಸೋಲಿಸಿ ಇಡಬೇಡ ಅಣ್ಣಾ.

ಚಿಕ್ಕವಳು ದೊಡ್ಡವನನ್ನು ಹರಸುವ ಪದ್ಧತಿ ಇಲ್ಲ. ಇಲ್ಲದಿದ್ದರೆ ಹೋಗಲಿ, ಇವತ್ತು ನಾನು ಹರಸುತ್ತೇನೆ: ನಿನ್ನ ಪ್ರೀತಿ ಹೀಗೇ ಇರಲಿ, ಅದಕ್ಕೆ ಸ್ವಲ್ಪ ಧೈರ್ಯ ಬರಲಿ.

ಹಳದಿ ಗೆರೆಯ ಈಚೆಯಿಂದ,
ನಿನ್ನ ತಂಗಿ ಕ್ರೇನಕ್ಕ