ಚಿಕ್ಕ ಕೋಣೆಯ ಗೋಡೆ

ಚಿಕ್ಕ ಕೋಣೆಯವರಿಗೆ,

ಮನೆ ಕೊಳ್ಳುವವರೆಂದು ನಿನ್ನೆ ಮತ್ತೊಂದು ಜೋಡಿ ಬಂದಿತ್ತು. ಇದು ಏಳನೆಯದು, ಬಂದವರಿಗೆಲ್ಲ ನಕ್ಕು ನಕ್ಕು ದವಡೆ ನೋಯುತ್ತಿದೆ. ಬ್ರೋಕರ್ ಹೇಳಿದನೆಂದು ನಿಮ್ಮ ಮಂಚ ತೆಗೆಸಿ, ಮೇಜು, ಕುರ್ಚಿ, ಒಂದು ಹೂದಾನಿ ಇಟ್ಟಿದ್ದೇನೆ. ಕೋಣೆ ದೊಡ್ಡದಾಗಿ ಕಾಣುತ್ತದಂತೆ. ಮಂಚದ ಕಾಲಿನ ಗುರುತು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

"ಇಲ್ಲಿ ಯಾರು ಮಲಗ್ತಿದ್ರು?" ಎಂದು ಬಂದಿದ್ದ ಹೆಂಗಸು ಕೇಳಿದರು.

"ನೆಂಟರು" ಎಂದೆ. ನಾಲ್ಕು ವರ್ಷ ಮಲಗಿದ್ದು ನನ್ನ ಗಂಡ ಎನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ನನ್ನ ಕೋಣೆಯಲ್ಲಿ ಆಕೆಯ ಗಂಡ, "ಅಡುಗೆಮನೆ ಬರೀ ಗೂಡು ಕಣ್ರೀ" ಎಂದು ಬ್ರೋಕರ್ ಕಿವಿಯಲ್ಲಿ ಪಿಸುಗುಟ್ಟಿದರು. ಗೋಡೆಯ ಈಚೆ ನಿಂತಿದ್ದ ನಮಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಆಕೆ ನಾಚಿಕೊಂಡರು. ನಾನು ಕುರ್ಚಿ ಹಿಡಿದು ಕೂತೆ.

ನಾಲ್ಕು ವರ್ಷ ಬಾಗಿಲು ಹಾಕಿಕೊಂಡು, ದಿಂಬಿಗೆ ಮುಖ ಒತ್ತಿ, ಯಾರಿಗೂ ಕೇಳಿಸದ ಹಾಗೆ ಅತ್ತೆನೆಂದುಕೊಂಡಿದ್ದೆ.

ಆ ಗೋಡೆಗೆ ಬೀರು ಒರಗಿಸಿದರೆ ಸದ್ದು ತಗ್ಗುತ್ತದೆ ಎನ್ನುತ್ತಾನೆ ಬ್ರೋಕರ್. ಬೀರು ಸರಿಸಲು ಒಬ್ಬಳ ಕೈಲಾಗದು, ಭಾನುವಾರ ಬನ್ನಿ. ಬಂದಾಗ ಒಂದು ಮಾತು ಹೇಳಿಹೋಗಿ: ನಿಮಗೆ ನಿದ್ದೆ ಬರುತ್ತಿತ್ತೇ?

ಇಂತಿ,
ದೊಡ್ಡ ಕೋಣೆಯವಳು